ಹೆದರುತ್ತಲೇ ಗಿಟಾರ್ ಕಲಿಸಿದ ಕಾಕಾ

ನನಗೆ ಗಿಟಾರ್ ಕಲಿಸಿದವರು ಬ್ಯಾಡಗಿಯ ಒಬ್ಬ ಮೆಣಸಿನಕಾಯಿ ದಲಾಲರು. ನಾನು ಕಂಡವರಲ್ಲಿ ಅವರಷ್ಟು ಪುಕ್ಕಲು ಮನುಷ್ಯ ಇನ್ನೊಬ್ಬರಿಲ್ಲ. ಸತ್ತವರ ಬಗ್ಗೆ ಹೀಗೆ ಬರೆಯಬಾರದು ಎಂದು ಯಾರಾದರೂ ಅಂದಾರು. ಆದರೆ ಇದು ನನ್ನ ಮಾತಲ್ಲ. ಮೊದಲ ದಿನ ಹೋದಾಗ ಅವರೇ ಬಾಗಿಲಲ್ಲಿ ನಿಂತು ಹೇಳಿದ್ದರು: "ನೋಡವಾ ತಂಗಿ, ಮದ್ಲ ಹೇಳಿಬಿಡ್ತೇನಿ. ನಾ ಭಾಳ ಅಂಜುಬುರುಕ ಮನಷ್ಯಾ. ಬಾರಸೂವಾಗ ಯಾರರ ಬಾಗಲಾ ಬಡದ್ರ ಅಲ್ಲೇ ನಿಲ್ಲಿಸಿಬಿಡ್ತೇನಿ. ನೀ ಬ್ಯಾಸರಾ ಮಾಡ್ಕೋಬಾರ್ದು."

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಾನು ಕಾಕಾ ಅನ್ನುತ್ತಿದ್ದೆ, ಅಷ್ಟು ಸಾಕು.

ಕಾಕಾ ಹೆದರದ ವಸ್ತುವೇ ಇರಲಿಲ್ಲ. ಹಲ್ಲಿ ಕಂಡರೆ ಹೆದರುವರು. ಗ್ಯಾಸ್ ಸಿಲಿಂಡರ್ ಬದಲಿಸುವಾಗ ಅಂಗಳಕ್ಕೆ ಹೋಗಿ ನಿಲ್ಲುವರು. ಗುಡುಗಿದರೆ ಮಾತು ನಿಲ್ಲಿಸುವರು. ಅಂಗಡಿಗೆ ಬೀಗ ಹಾಕಿ, ಎಳೆದು ನೋಡಿ, ಓಣಿಯ ತಿರುವಿನವರೆಗೆ ಹೋಗಿ, ಮರಳಿ ಬಂದು ಮತ್ತೆ ಎಳೆದು ನೋಡುವರು. ಒಮ್ಮೆ ಊರಿನ ಗಣೇಶ ಮಂಡಳಿಯ ಹುಡುಗರಿಗೆ ಇವರು ಗಿಟಾರ್ ಬಾರಿಸುವ ಸುಳಿವು ಹೇಗೋ ಸಿಕ್ಕು, ವೇದಿಕೆಗೆ ಕರೆಯಲು ಮನೆಗೆ ಬರುವವರಿದ್ದರಂತೆ. ಅದು ಗೊತ್ತಾದದ್ದೇ ತಡ, ಕಾಕಾ ಬಸ್ಸು ಹತ್ತಿ ಗಳಗನಾಥಕ್ಕೆ ಹೋಗಿ, ಗುಡಿಯ ಹಿಂದೆ ಹೊಳೆ ನೋಡುತ್ತ ಕೂತುಬಿಟ್ಟಿದ್ದರು. ಗಣಪತಿಯನ್ನು ನೀರಿಗೆ ಬಿಟ್ಟ ಮೇಲೆಯೇ ಊರಿಗೆ ಬಂದದ್ದು.

ಎಲ್ಲಕ್ಕಿಂತ ಹೆಚ್ಚಾಗಿ ಅವರು ಹೆದರುತ್ತಿದ್ದುದು ಅಣ್ಣನಿಗೆ. ದಲಾಲಿ ಅಂಗಡಿ ಇಬ್ಬರದೂ ಕೂಡಿ ಇತ್ತು, ಯಜಮಾನಿಕೆ ಮಾತ್ರ ಅಣ್ಣನದು. ಎತ್ತರದ ಆಳು, ಬಿಳಿ ಧೋತರ, ಬಿಳಿ ಮೀಸೆ. ಅವರು ಅಂಗಡಿಯಲ್ಲಿ ಮಾತಾಡಿದರೆ ಆಚೆ ಓಣಿಗೆ ಕೇಳುತ್ತಿತ್ತು. ಮಾತಾಡುತ್ತಿದ್ದರು ಅನ್ನುವುದಕ್ಕಿಂತ ಗುಡುಗುತ್ತಿದ್ದರು ಅನ್ನಬೇಕು. ರೈತರು, ಹಮಾಲರು, ಖರೀದಿದಾರರು ಎಲ್ಲರೂ ಅವರೆದುರು ಒಂದೆರಡು ಮಾತಾಡಿ ಸರಿದುಬಿಡುತ್ತಿದ್ದರು.

ಇಂಥ ಕಾಕಾ ಗಿಟಾರ್ ಕಲಿತದ್ದು ಹುಬ್ಬಳ್ಳಿಯಲ್ಲಿ ಬಿ.ಕಾಂ. ಓದುವಾಗ. ವಸತಿನಿಲಯದ ಕೋಣೆಯಲ್ಲಿ ಜೊತೆಗಿದ್ದ ಗೋವಾದ ಹುಡುಗನ ಹತ್ತಿರ ಇಂಗ್ಲೆಂಡಿನ ಹಳೆಯ ರಾಕ್ ಬ್ಯಾಂಡೊಂದರ ಕ್ಯಾಸೆಟ್ಟುಗಳಿದ್ದವು. ಆ ಬ್ಯಾಂಡಿನ ಹಾಡುಗಳು ನಾವು ಹಾಡು ಅನ್ನುವಂಥವಲ್ಲ. ಒಂದೊಂದು ಹಾಡೂ ಕ್ಯಾಸೆಟ್ಟಿನ ಒಂದು ಬದಿಯನ್ನೇ ತುಂಬಿಕೊಂಡಿರುತ್ತದೆ. ಮೆಲ್ಲಗೆ ಶುರುವಾಗಿ, ಎಲ್ಲೋ ತಾಳ ಮುರಿದು, ಬೇರೆಯದೇ ತಾಳ ಹಿಡಿದು, ನಡುವೆ ಮಾತೇ ಇಲ್ಲದೆ ಗಾಳಿಯ ಸದ್ದು, ಗಂಟೆಯ ಸದ್ದು, ಯಾರೋ ಉಸಿರೆಳೆದ ಸದ್ದು ಬಂದು, ಇನ್ನೇನು ಮುಗಿಯಿತು ಅನ್ನುವಾಗ ಗಿಟಾರ್ ಒಂದೇ ಎದ್ದು ನಿಲ್ಲುತ್ತದೆ. ಕಾಕಾ ಆ ಕ್ಯಾಸೆಟ್ಟುಗಳನ್ನು ಹಿಂದೆ ಮುಂದೆ ಓಡಿಸಿ ಓಡಿಸಿ, ಒಂದೊಂದು ಸ್ವರ ಹೆಕ್ಕಿ ಕಲಿತರು. ತಂದೆ ಅಂಗಡಿಗೆ ಕರೆಸಿಕೊಂಡಾಗ ಓದು ಅರ್ಧಕ್ಕೇ ನಿಂತಿತು, ಗಿಟಾರ್ ಮಾತ್ರ ಅವರ ಜೊತೆ ಊರಿಗೆ ಬಂತು. ಬೇರೆ ಯಾರ ಸಂಗೀತವನ್ನೂ ಅವರು ಬಾರಿಸಲಿಲ್ಲ. ಹಾಡುಗಳ ಇಂಗ್ಲಿಷ್ ಹೆಸರು ಹೇಳುವುದಕ್ಕೂ ಸಂಕೋಚ. 'ಉದ್ದಂದು', 'ಗಾಳೀದು', 'ಏಳರದ್ದು' ಎಂದು ತಮ್ಮದೇ ಹೆಸರಿಟ್ಟುಕೊಂಡಿದ್ದರು.

ನಾನು ರಾಣೇಬೆನ್ನೂರಿನವಳು. ಹಾವೇರಿಯ ಕಾಲೇಜೊಂದರಲ್ಲಿ ಗ್ರಂಥಪಾಲಕಿ. ದಿನಾ ರೈಲಿನಲ್ಲಿ ಓಡಾಟ. ಮದುವೆಯಾದ ಹೊಸದರಲ್ಲಿ ಹುಮ್ಮಸ್ಸಿನಿಂದ ಒಂದು ಗಿಟಾರ್ ತರಿಸಿ, ಫೋನಿನಲ್ಲಿ ನೋಡಿ ಕಲಿಯಲು ಹೋಗಿ, ಸೋತು, ಅದನ್ನು ಕಪಾಟಿನ ಮೇಲೆ ಹಾಕಿದ್ದೆ. ಕಾಲೇಜಿನ ಬ್ಯಾಡಗಿಯ ಸಹೋದ್ಯೋಗಿಯೊಬ್ಬರು ಕಾಕಾನ ಹೆಂಡತಿ ಕಾಕುನ ಪೈಕಿಯವರು. ಅವರ ಮೂಲಕ ಮಾತಾಗಿ, ವಾರಕ್ಕೆ ಎರಡು ಸಂಜೆ ಹಾವೇರಿಯಿಂದ ಮರಳುವಾಗ ಬ್ಯಾಡಗಿಯಲ್ಲಿ ಇಳಿದು, ಪಾಠ ಮುಗಿಸಿ, ಮುಂದಿನ ಗಾಡಿ ಹಿಡಿಯುವುದೆಂದು ಗೊತ್ತಾಯಿತು.

ಪಾಠ ಮಹಡಿಯ ಕೋಣೆಯಲ್ಲಿ. ಹಿಂದೆ ಅಲ್ಲಿ ಮೆಣಸಿನಕಾಯಿ ಚೀಲ ಇಡುತ್ತಿದ್ದರಂತೆ. ಕಿಟಕಿಗಳಿಗೆ ಗೋಣಿತಟ್ಟು ಮಡಚಿ ತುರುಕಿದ್ದರು, ಸದ್ದು ಹೊರಗೆ ಹೋಗದಿರಲೆಂದು. ಗೋಡೆಗೆ, ನೆಲಕ್ಕೆ, ಗೋಣಿಗೆ ಕಾಯಿಯ ಘಾಟು ಅಂಟಿಕೊಂಡಿತ್ತು. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಮ್ಮಿ ಅನ್ನುತ್ತಾರೆ. ಅದು ಊಟದ ಮಾತಾಯಿತು. ಹೊಸದಾಗಿ ಉಕ್ಕಿನ ತಂತಿ ಒತ್ತಿ ಬೆರಳ ತುದಿ ಒಡೆದವರಿಗೆ ಆ ಧೂಳು ತಾಕಿದರೆ ಜೀವ ಬಾಯಿಗೆ ಬರುತ್ತದೆ. ಮೊದಲ ತಿಂಗಳು ನಾನು ರೈಲಿನಲ್ಲಿ ಎಡಗೈಯನ್ನು ನೀರಿನ ಬಾಟಲಿಗೆ ಒತ್ತಿಕೊಂಡೇ ರಾಣೇಬೆನ್ನೂರು ಮುಟ್ಟುತ್ತಿದ್ದೆ.

ಮೊದಲ ದಿನ ಅವರು ಗಿಟಾರ್ ಮುಟ್ಟಲು ಬಿಡಲಿಲ್ಲ. 'ಉದ್ದಂದು' ಪೂರ್ತಿ ಕೇಳಿಸಿದರು. ಗೋಣಿತಟ್ಟಿನ ಕತ್ತಲು, ಕಾಯಿಯ ಘಾಟು, ಎದುರಿಗೆ ಕಣ್ಣು ಮುಚ್ಚಿ ಕೂತ ಅಪರಿಚಿತ ಮನುಷ್ಯ, ಆ ಸಂಗೀತ. ನಡುವೆ ಒಂದು ಕಡೆ ಎಲ್ಲ ವಾದ್ಯಗಳೂ ನಿಂತು, ಯಾರೋ ನಮ್ಮ ಹಿಂದೆಯೇ ಬಂದು ನಿಂತ ಹಾಗೆ ಒಂದು ಕೆಳಗಿನ ಸ್ವರ ಮಿಡಿಯತೊಡಗುತ್ತದೆ. ನನಗೆ ಮೈ ಜುಮ್ಮೆಂದು, ನಿಜಕ್ಕೂ ಹಿಂದೆ ತಿರುಗಿ ನೋಡಿದೆ. ಹಾಡು ಮುಗಿದ ಮೇಲೆ ಕಾಕಾ ಕೇಳಿದರು:

"ಎಲ್ಲಿ ಅಂಜಿದಿ?"

ನಾಚಿಕೆಯಾದರೂ ಹೇಳಿದೆ.

"ಹಾಂ. ನಾನೂ ಅಲ್ಲೇ ಅಂಜಿದ್ದೆ. ಅಲ್ಲಿಂದನ ಕಲಿಯೂಣು."

"ಶುರುವಿನಿಂದ ಬ್ಯಾಡೇನ್ರಿ?"

"ಶುರುವಿಂದ ಕಲತ್ರ ಅಲ್ಲಿಗೆ ಬಂದಾಗ ಕೈ ನಡಗತಾವು. ಹಾಡು ನಿನ್ನ ಅಂಜಿಸ್ತೈತಿ ಅಂದ್ರ ಅದಕ್ಕ ನಿನ್ನ ಗುರ್ತು ಸಿಕ್ಕೈತಿ ಅಂತ ಅರ್ಥ. ಮದ್ಲ ಅಲ್ಲಿಗೇ ಹೋಗಿ ಮಾತಾಡ್ಸೂದು ಚಲೋ."

ಹೀಗೆ ನಾನು ಎಲ್ಲರಂತೆ ಸುಲಭದ ಕಾರ್ಡುಗಳಿಂದ ಕಲಿಯಲಿಲ್ಲ, ಹೆದರಿದ ಜಾಗಗಳಿಂದ ಕಲಿತೆ. 'ಏಳರದ್ದು' ನನ್ನನ್ನು ಬಹಳ ಕಾಡಿತು. ಅದರ ತಾಳ ಏಳು ಮಾತ್ರೆಯದು. ಎಂಟಕ್ಕೆ ಒಗ್ಗಿದ ಕೈ ಪ್ರತಿ ಸಲ ಒಂದು ಹೆಜ್ಜೆ ಹೆಚ್ಚು ಇಟ್ಟುಬಿಡುತ್ತಿತ್ತು. ಕಾಕಾ ತೊಡೆ ತಟ್ಟುತ್ತ ಹೇಳುವರು: "ಎಂಟಕ್ಕ ಮನಿ ಮುಟ್ಟಾಕ ನೋಡ್ತಿ ನೀ. ಈ ಹಾಡಿನಾಗ ಮನಿ ಸಿಗೂದಿಲ್ಲವಾ. ಮೆಟ್ಲಾ ಹತ್ತಿದಿ ಅನ್ನೂದ್ರಾಗ ಮತ್ತ ಓಣಿಗೆ ಬಂದಿರ್ತಿ." ಅವರು ಬಾರಿಸುವಾಗ ಮಾತ್ರ ಆ ಮುಖದಲ್ಲಿ ಹೆದರಿಕೆ ಇರುತ್ತಿರಲಿಲ್ಲ. ಭುಜ ಇಳಿದು, ತುಟಿ ತುಸು ತೆರೆದು, ಬೇರೆ ಯಾರೋ ಆಗಿಬಿಡುತ್ತಿದ್ದರು. ಕೆಳಗೆ ಬಾಗಿಲ ಚಿಲಕ ಸದ್ದು ಮಾಡಿದರೆ ಸಾಕು, ಅಂಗೈ ತಂತಿಗಳ ಮೇಲೆ ಬಿದ್ದು ಎಲ್ಲ ಮೌನ.

ಎರಡು ವರ್ಷ ಕಳೆದಿರಬೇಕು. ಒಂದು ಸಂಜೆ ಕೆಳಗೆ ಚಿಲಕ ಸದ್ದು ಮಾಡಿತು, ಕಾಕಾ ನಿಲ್ಲಿಸಲಿಲ್ಲ.

ಧೈರ್ಯ ಬಂತೇನೋ ಅಂದುಕೊಂಡೆ. ಆಮೇಲೆ ಒಂದು ದಿನ ನನ್ನ ಗಿಟಾರಿನ ತೆಳು ತಂತಿ ಸಡಿಲಾಗಿ, ಕೇಳಲಾರದಷ್ಟು ಅಪಸ್ವರ ಹೊರಟಾಗ ಅವರು "ಬೇಷ್" ಅಂದರು. ನನ್ನನ್ನು ಪರೀಕ್ಷೆ ಮಾಡುತ್ತಿದ್ದಾರೆ ಎಂದು ತಿಳಿದು, ನಾನೇ ಸರಿಮಾಡಿ ಬಾರಿಸಿದೆ. ಅದಕ್ಕೂ ಅದೇ "ಬೇಷ್". ಮೆಟ್ಟಿಲಲ್ಲಿ ನಿಂತು ಕರೆದರೆ ಉತ್ತರವಿಲ್ಲ. ಮಗ್ಗುಲಲ್ಲೇ ಫೋನು ಬಡಿದುಕೊಳ್ಳುತ್ತಿದ್ದರೂ ಅವರ ಲಕ್ಷ್ಯ ನನ್ನ ಬೆರಳುಗಳ ಮೇಲೆ. ನನಗೆ ಒಳಗೇ ಕಳವಳ ಶುರುವಾಯಿತು. ಒಂದು ದಿನ, ಅವರು ಬೆನ್ನು ಮಾಡಿ ಗೋಣಿತಟ್ಟು ಸರಿಪಡಿಸುತ್ತಿದ್ದಾಗ, ಬೇಕೆಂದೇ ಸಣ್ಣ ದನಿಯಲ್ಲಿ "ಕಾಕಾ, ಹಲ್ಲಿ" ಅಂದೆ.

ಅವರು ತಿರುಗಲಿಲ್ಲ. ಹಲ್ಲಿ ಎಂದರೆ ಕುರ್ಚಿ ಏರುತ್ತಿದ್ದ ಮನುಷ್ಯ.

ತಿರುಗಿದಾಗ ನನ್ನ ಮುಖ ನೋಡಿದರು. ಅವರಿಗೆ ತಿಳಿದುಹೋಯಿತು. ನೆಲದ ಮೇಲೆ ಕೂತುಬಿಟ್ಟರು.

"ಎಡಗಿವಿ ಪೂರ್ತಿ ಹೋಗೇತಿ. ಬಲಗಿವಿಯಾಗ ದಪ್ಪ ತಂತಿ ಅಷ್ಟ ಕೇಳಸ್ತಾವು. ತೆಳು ತಂತಿ ಬಾರಸ್ತೇನಿ ಅಷ್ಟ, ಕಿವಿಗೆ ಬರೂದಿಲ್ಲ."

"ಡಾಕ್ಟರಿಗೆ ತೋರಸೀರೇನ್ರಿ? ಕಾಕುಗರ ಹೇಳೀರೇನು?"

"ಯಾರಿಗೂ ಹೇಳಿಲ್ಲ. ನೀನೂ ಹೇಳಬ್ಯಾಡ. ಕೈ ಮುಗೀತೇನಿ, ಹೇಳಬ್ಯಾಡವಾ."

ತಂದೆಗೂ ಹೀಗೇ ಆಗಿತ್ತಂತೆ. ಅಂಗಡಿ ಕಟ್ಟಿ ಬೆಳೆಸಿದ ಮನುಷ್ಯ ಕೊನೆಗೆ ಅದೇ ಅಂಗಡಿಯ ಮೂಲೆಯಲ್ಲಿ, ಗೋಡೆಗೆ ಆನಿಸಿಟ್ಟ ಖಾಲಿ ಚೀಲದ ಹಾಗೆ ಕೂತಿರುತ್ತಿದ್ದರು. ಬಂದವರು ಎತ್ತಿಗೆ ಕೂಗಿದಂತೆ ಅವರಿಗೆ ಕೂಗುವರು. ಕೆಲವರು ಬರೀ ಬಾಯಿ ಆಡಿಸಿ, ಮಾತಾಡಿದಂತೆ ನಟಿಸಿ, ಮುದುಕ ತಲೆಯಾಡಿಸಿದಾಗ ನಗುವರು. "ನಾನೂ ನಕ್ಕೇನಿ, ಸಣ್ಣಾಂವ ಇದ್ದಾಗ," ಅಂದರು ಕಾಕಾ. "ಈಗ ಅಂಗಡಿಗೆ ಹೋದ ಕೂಡ್ಲೇ ಎಲ್ಲಾರ ಬಾಯಿ ನೋಡ್ತೇನಿ. ಖರೇನ ಮಾತಾಡಾಕತ್ತಾರೋ, ಆಟಾ ಆಡಸಾಕತ್ತಾರೋ ತಿಳೀದು. ಅಣ್ಣಗ ಗೊತ್ತಾತಂದ್ರ ನನ್ನೂ ಆ ಮೂಲ್ಯಾಗ ಕುಂದರಸ್ತಾನ."

ಸಣ್ಣಪುಟ್ಟದಕ್ಕೆಲ್ಲ ಬೆಚ್ಚುತ್ತಿದ್ದ ಕಾಕಾನ ಒಳಗೆ ಈ ದೊಡ್ಡ ಹೆದರಿಕೆ ಎಷ್ಟು ಕಾಲದಿಂದ ಬೆಳೆಯುತ್ತಿತ್ತೋ.

ಅಂದಿನಿಂದ ಆ ಹೆದರಿಕೆ ನನಗೂ ಹತ್ತಿಕೊಂಡಿತು. ಪಾಠ ನಿಲ್ಲಲಿಲ್ಲ. ಶ್ರುತಿ ಮಾಡುವುದು ನನ್ನ ಕೆಲಸವಾಯಿತು. ಅವರು ಅಂಗೈಯನ್ನು ನನ್ನ ಗಿಟಾರಿನ ಮರಕ್ಕೆ ಒತ್ತಿ, ಕಣ್ಣನ್ನು ನನ್ನ ಬೆರಳುಗಳಲ್ಲಿಟ್ಟು ಕಲಿಸುವರು. ಕ್ಯಾಸೆಟ್ ಹಾಕುವುದನ್ನು ಬಿಟ್ಟರು. "ಹಾಡು ಒಳಗ ನಡದೈತಿ. ಕ್ಯಾಸೆಟ್ಟಿನ ಗೊಡವಿ ಇಲ್ಲ ನನಗ," ಅನ್ನುವರು. ಆದರೆ ನನಗೆ ಸಂಗೀತದ ಚಿಂತೆ ಹೋಗಿ, ಅವರ ಜೀವದ ಚಿಂತೆ ಹತ್ತಿತು. ಮಾರ್ಕೆಟ್ಟಿನಲ್ಲಿ ದಿನವಿಡೀ ಲಾರಿಗಳು ಹಿಂದೆ ಮುಂದೆ ಸರಿಯುತ್ತಿರುತ್ತವೆ, ಹಮಾಲರು ಚೀಲ ಹೊತ್ತು "ಬಾಜೂ ಸರೀರಿ, ಬಾಜೂ" ಎಂದು ಕೂಗುತ್ತ ಓಡುತ್ತಾರೆ. ಒಮ್ಮೆ ಲಾರಿಯೊಂದು ಹಿಂದೆ ಬರುವಾಗ ಹಮಾಲನೊಬ್ಬ ಇವರ ತೋಳು ಹಿಡಿದು ಎಳೆದು, "ಲಕ್ಷ್ಯ ಎಲ್ಲಿ ಐತ್ರಿ ಸಾಹುಕಾರ್ರ?" ಎಂದು ಬೈದದ್ದನ್ನು ಅವರೇ ನಗುತ್ತ ಹೇಳಿದರು. ನನಗೆ ನಗು ಬರಲಿಲ್ಲ. ಫೋನು ಮಾಡಿದರೆ ಅವರಿಗೆ ಕೇಳದು. ಮನೆಯ ಮುಂದೆ ಜನ ಸೇರಿಲ್ಲವಲ್ಲ ಎಂದು ತಿರುವಿನಿಂದಲೇ ನೋಡಿಕೊಂಡು ಹೋಗುತ್ತಿದ್ದೆ.

ಅದು ಬೇಸಿಗೆಯ ಒಂದು ಸಂಜೆ, ಇನ್ನೂ ಬಿಸಿಲಿತ್ತು. ಪಾಠ ಮುಗಿಸಿ ಹೊರಟಾಗ ಕಾಕಾ ಎಂದಿನಂತೆ ನನ್ನನ್ನು ಸ್ಟೇಶನ್ನಿಗೆ ಮುಟ್ಟಿಸಲು ಬಂದರು. ನನ್ನ ಗಾಡಿ ಆಚೆಯ ಪ್ಲಾಟ್‌ಫಾರ್ಮಿಗೆ ಬರುವುದಿತ್ತು. ಮೇಲ್ಸೇತುವೆ ಏರಿ ಇಳಿದು ಅಲ್ಲಿಗೆ ಹೋದೆವು. ಗಾಡಿ ತಡ ಎಂದು ಹೇಳಿದರು. ಕಾಕಾಗೆ ಹೊತ್ತಾಗುತ್ತಿತ್ತು, ಅಣ್ಣ ಅಂಗಡಿಯಲ್ಲಿ ಕಾಯುತ್ತಿದ್ದರು. "ನಾ ಬರ್ತೇನಿ" ಎಂದು ಹೊರಟವರು, ಸೇತುವೆ ಬಿಟ್ಟು, ಊರಿನ ಜನ ಎಲ್ಲರೂ ಮಾಡುವಂತೆ ಪ್ಲಾಟ್‌ಫಾರ್ಮಿನ ಕೊನೆಯಲ್ಲಿ ಇಳಿದು ಹಳಿ ದಾಟತೊಡಗಿದರು.

ಆಗ ಹಾವೇರಿ ಕಡೆಯಿಂದ, ನಿಲ್ಲದೆ ಹೋಗುವ ಗೂಡ್ಸ್ ಗಾಡಿ ಬಂತು.

ಮೊದಲು ಸೀಟಿ ಕೇಳಿದಾಗ ನಾನು ಚಿಂತಿಸಲಿಲ್ಲ. ಸೀಟಿ ಕೇಳಿದವರು ಸರಿಯುತ್ತಾರೆ. ಮರುಗಳಿಗೆಗೆ ಕಾಕಾನ ಕಿವಿ ನೆನಪಾಯಿತು. ಕಾಕಾ ತಲೆ ತಗ್ಗಿಸಿ, ಕಾಲ ಕೆಳಗಿನ ಜಲ್ಲಿ ನೋಡುತ್ತ, ನಿಧಾನವಾಗಿ ನಡೆಯುತ್ತಿದ್ದರು. ಎಂಜಿನ್ನು ಸೀಟಿ ಹೊಡೆಯುತ್ತಲೇ ಇತ್ತು. ಅವರು ಒಂದು ಸಲ ತಲೆ ಎತ್ತಿದರು. ನೋಡಿದ್ದು ಮಾತ್ರ ವಿರುದ್ಧ ದಿಕ್ಕಿಗೆ. ನಾನು "ಕಾಕಾ!" ಎಂದು ಕೂಗಿದೆ. ಕೂಗಿ ಏನು ಉಪಯೋಗ? ಬೆನ್ನಿಗೆ ಗಿಟಾರ್ ಕಟ್ಟಿಕೊಂಡು ಪ್ಲಾಟ್‌ಫಾರ್ಮಿನಲ್ಲಿ ಓಡಿದೆ. ಜನ ಎದ್ದು ಕೂಗತೊಡಗಿದರು. ಅಷ್ಟೂ ಜನರ ಕೂಗು ಅವರನ್ನು ಮುಟ್ಟುತ್ತಿಲ್ಲ ಎಂಬುದು ನನ್ನೊಬ್ಬಳಿಗೇ ಗೊತ್ತಿತ್ತು. "ಅವರಿಗೆ ಕೇಳಸೂದಿಲ್ರೀ! ಕೇಳಸೂದಿಲ್ಲ!" ಎಂದು ಕಿರುಚಿದೆ. ಅಂಚಿನಲ್ಲಿ ಪೇರಲ ಹಣ್ಣಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸೊಬ್ಬಳು, ನನ್ನ ಮಾತು ಕೇಳಿದ ತಕ್ಷಣ ಒಂದು ಹಣ್ಣು ಎತ್ತಿ ಬೀಸಿ ಒಗೆದಳು. ಅದು ಕಾಕಾನ ಹೆಗಲಿಗೆ ಬಡಿಯಿತು.

ಅವರು ಸಿಟ್ಟಿನಿಂದ ತಿರುಗಿದರು. ನಮ್ಮೆಲ್ಲರ ಎತ್ತಿದ ಕೈಗಳನ್ನು ನೋಡಿದರು. ಆಮೇಲೆ ಎಂಜಿನ್ನನ್ನು ನೋಡಿದರು. ನಿಂತಲ್ಲೇ ಸೆಟೆದು ನಿಂತರು. ಮುಂದೆ ಹೋದರೋ, ಹಿಂದೆ ಬಂದರೋ, ಅಲ್ಲೇ ಉಳಿದರೋ ನನಗೆ ಕಾಣಲಿಲ್ಲ. ಅಷ್ಟರಲ್ಲಿ ಗಾಡಿ ನಮ್ಮ ನಡುವೆ ನುಗ್ಗಿತ್ತು.

ಡಬ್ಬಿಗಳು ಹಾಯುತ್ತಲೇ ಇದ್ದವು. ಒಂದರ ಹಿಂದೆ ಒಂದು, ಎಲ್ಲ ಒಂದೇ ಬಣ್ಣದವು, ಮುಗಿಯಲಿಲ್ಲ. ಡಬ್ಬಿ ಡಬ್ಬಿಯ ನಡುವಿನ ಸಂದಿಯಲ್ಲಿ ಆಚೆಯ ಬಿಸಿಲು ಚೂರು ಚೂರಾಗಿ ಕಾಣುತ್ತಿತ್ತು, ಕಾಕಾ ಕಾಣುತ್ತಿರಲಿಲ್ಲ. ಗಾಲಿಗಳ ಕೆಳಗೆ ನೋಡಲು ಧೈರ್ಯವಾಗಲಿಲ್ಲ. ಪೇರಲ ಹಣ್ಣಿನವಳು ನನ್ನ ರಟ್ಟೆ ಹಿಡಿದುಕೊಂಡಿದ್ದಳು. "ಯಾರವಾ ಅವರು? ನಿಮ್ಮ ಅಪ್ಪಾರೇನು?" ಎಂದು ಕೇಳುತ್ತಿದ್ದಳು. ಕಾಕುಗೆ ಏನು ಹೇಳಲಿ ಎಂಬುದೊಂದೇ ತಲೆಯಲ್ಲಿ ತಿರುಗುತ್ತಿತ್ತು.

ಕೊನೆಯ ಡಬ್ಬಿ ಹಾಯಿತು. ಆಚೆ, ಹಳಿಯ ಬದಿಯ ಜಲ್ಲಿಯ ಮೇಲೆ ಕಾಕಾ ಕುಕ್ಕರಗಾಲಲ್ಲಿ ಕೂತಿದ್ದರು. ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಿದ್ದರು.

ನಾನು ಹೇಗೆ ಅಲ್ಲಿಗೆ ಹೋದೆನೋ ನೆನಪಿಲ್ಲ. ಅವರ ಅಂಗಿ ಬೆವರಿನಲ್ಲಿ ತೊಯ್ದಿತ್ತು. ನನ್ನನ್ನು ಕಂಡು ಮೊದಲು ಹೇಳಿದ್ದು: "ಸಪ್ಪಳ ಬಂತವಾ. ಎಲ್ಲಿಂದ ಬಂತು ತಿಳೀಲಿಲ್ಲ. ನಿನ್ನ ಗಾಡಿ ಅನ್ಕೊಂಡೆ." ಆಮೇಲೆ ನನ್ನ ಕೈ ಹಿಡಿದು: "ಮನ್ಯಾಗ ಹೇಳಬ್ಯಾಡ."

ನಾನು ಅವತ್ತು ಗಾಡಿ ಬಿಟ್ಟೆ. ಅವರನ್ನು ಮನೆಗೆ ಕರೆದೊಯ್ದು, ಅವರೆದುರಿಗೇ ಕಾಕುಗೆ ಎಲ್ಲ ಹೇಳಿದೆ. ಕಾಕಾ ನನ್ನ ತುಟಿಗಳನ್ನು ನೋಡುತ್ತ ಕೂತಿದ್ದರು. ಅಷ್ಟು ಸಿಟ್ಟಿನಿಂದ ಅವರು ನನ್ನನ್ನು ಹಿಂದೆಂದೂ ನೋಡಿರಲಿಲ್ಲ. "ಪಾಠ ಸಾಕಿನ್ನ. ಬರಬ್ಯಾಡ," ಅಂದು ಮಹಡಿ ಏರಿಹೋದರು. ಕಾಕು ಮಾತ್ರ ನನ್ನ ಕೈ ಬಿಡಲಿಲ್ಲ. "ರವಿವಾರ ಬಾ ನೀ. ಭಾವಾರಿಗೆ ಹೇಳಾಕಬೇಕು. ನೀ ಕಣ್ಣಾರೆ ಕಂಡಾಕಿ. ನಾ ಒಬ್ಬಾಕಿ ಹೇಳಾಕ ನನಗ ಧೈರ್ಯ ಸಾಲೂದಿಲ್ಲ."

ರವಿವಾರ ಮುಂಜಾನೆ ಹೋಗಿ ಕಾಕಾನ ಮನೆಯ ಪಡಸಾಲೆಯಲ್ಲಿ ಕೂತೆ. ಅಣ್ಣ ಬಂದು ಕುರ್ಚಿಯ ಮೇಲೆ ಕೂತರು. ಕಾಕಾ ಕಂಬಕ್ಕೆ ಆತುಕೊಂಡು ನಿಂತಿದ್ದರು. ಕಾಕು ಭಾವನ ಎದುರು ಎಂದಿನಂತೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ನೆಲ ನೋಡುತ್ತ ಸಣ್ಣಗೆ ಹೇಳಿದರು: "ಇವರಿಗೆ ಕಿವಿ ಕೇಳಸೂದು ಕಮ್ಮಿ ಆಗೇತ್ರಿ."

"ಏನು?" ಅಣ್ಣನ ದನಿಗೆ ಪಡಸಾಲೆ ನಡುಗಿತು.

ಕಾಕಾ ತಾವೇ ಬಾಯಿ ಬಿಟ್ಟರು. ದನಿ ತೀರ ಸಣ್ಣದಿತ್ತು. "ನನ್ನ ಕಿವಿ ಹೋಗ್ಯಾವಣ್ಣಾ."

"ಏನೋ? ಏನಂದಿ?"

ಕಾಕಾ ಮತ್ತೆ ಹೇಳಿದರು. ಅಣ್ಣ ಮತ್ತೆ "ಏನು?" ಅಂದರು. ಬೇಕೆಂದೇ ಹೀಗೆ ಹಿಂಸೆ ಕೊಡುತ್ತಿದ್ದಾರೆ ಎಂದು ನನಗೆ ತಡೆಯಲಾಗಲಿಲ್ಲ. ಹೆದರಿಕೆ, ಸಿಟ್ಟು ಎರಡೂ ಒಟ್ಟಿಗೆ ಬಂದು ಎದ್ದು ನಿಂತು ಕೂಗಿಬಿಟ್ಟೆ: "ಕಿವಿ ಕೇಳಸೂದಿಲ್ರೀ!"

ಅಣ್ಣ ನನ್ನ ಕಡೆ ತಿರುಗಿದರು. ಆ ದೊಡ್ಡ ಮುಖ ಮೆಲ್ಲಗೆ ಕುಸಿಯಿತು. ಅವರ ಬಾಯಿಂದ ಮೊದಲ ಸಲ ಸಣ್ಣ ದನಿ ಹೊರಟಿತು.

"ನನಗ ಕೇಳಸೂದಿಲ್ಲ ಅಂತ ನಿನಗ ಯಾರ ಹೇಳಿದ್ರವಾ?"

ಕಾಕುನ ಸೆರಗು ಬಾಯಿಂದ ಜಾರಿತು. ಕಾಕಾಗೆ ಆ ಸಣ್ಣ ದನಿ ಮುಟ್ಟಿರಲಿಲ್ಲ. ಗಾಬರಿಯಿಂದ ನನ್ನ ಹತ್ತಿರ ಬಂದು, "ಏನಂದಾ ಅಣ್ಣಾ? ಭಾಳ ಸಿಟ್ಟ ಆಗ್ಯಾನೇನು?" ಎಂದು ಕೇಳಿದರು. ನಾನು ಅವರ ಬಲಗಿವಿಗೆ ಬಾಯಿ ಹಚ್ಚಿ, ಅಣ್ಣ ಅಂದದ್ದನ್ನು ಹೇಳಿದೆ.

ಅಷ್ಟು ವರ್ಷ ಊರೆಲ್ಲ ಹೆದರಿದ ಆ ಗುಡುಗು ಸಿಟ್ಟಿನದಾಗಿರಲಿಲ್ಲ. ಅವರಿಗೂ ತಂದೆಯ ಕಿವಿಯೇ ಬಂದಿತ್ತು. ಅವರೂ ಅದೇ ಮೂಲೆಗೆ ಹೆದರಿ, ತಮ್ಮನಿಗೆ ಗೊತ್ತಾಗದಂತೆ ಮುಚ್ಚಿಟ್ಟುಕೊಂಡಿದ್ದರು. ತಮ್ಮ ಹೋಗಿ ಅಣ್ಣನ ಕುರ್ಚಿಯ ಬಳಿ ನೆಲದ ಮೇಲೆ ಕೂತು, ಅಣ್ಣನ ಮೊಣಕಾಲಿಗೆ ಹಣೆ ಹಚ್ಚಿ ಅತ್ತರು. ಅಣ್ಣ ತಮ್ಮನ ತಲೆಯ ಮೇಲೆ ಕೈಯಿಟ್ಟು, ಯಾರನ್ನೂ ನೋಡದೆ ಅಂದರು: "ಹಂಗಾರ ಇಷ್ಟ ದಿವ್ಸಾ ಅಂಗಡ್ಯಾಗ ನಾವಿಬ್ಬರೂ ಏನ ಮಾತಾಡತಿದ್ವೋ?"

ಹುಬ್ಬಳ್ಳಿಗೆ ಹೋಗಿ ಇಬ್ಬರೂ ಕಿವಿಯ ಮಶೀನು ತಂದರು. ಅಣ್ಣ "ಚುಂಯ್ ಅಂತೈತಿ" ಎಂದು ಅದನ್ನು ಮೇಜಿನ ಖಾನೆಗೆ ಹಾಕಿದರು. ಕಾಕಾ ಹಾಕಿಕೊಂಡರು, ಹಾಕಿಕೊಂಡು ಇನ್ನಷ್ಟು ಹೆದರಿದರು. ಪಾತ್ರೆ ಬಿದ್ದರೆ ಎದ್ದು ನಿಲ್ಲುವರು. ಪಾಠಕ್ಕೆ ಬರಬೇಡ ಎಂದಿದ್ದವರು, ವಾರ ತುಂಬುವ ಮೊದಲೇ ಕಾಕುನಿಂದ ಫೋನು ಮಾಡಿಸಿ ಕರೆಸಿದರು. ಮಶೀನಿನಲ್ಲಿ ಗಿಟಾರ್ ಹೇಗೆ ಕೇಳುತ್ತದೆ ಎಂದು ಕೇಳಿದೆ. "ತಗಡ ಬಡದಂಗ. ಇದು ನನ್ನ ಹಾಡಲ್ಲ," ಎಂದು ಅದನ್ನು ಕಿತ್ತು ಅಂಗಿಯ ಕಿಸೆಗೆ ಹಾಕಿ, ಗಿಟಾರಿನ ಅಂಚಿಗೆ ಗದ್ದ ಒತ್ತಿ ಬಾರಿಸಿದರು. ಸದ್ದು ಎಲುಬಿನಿಂದ ತುಸು ಒಳಗೆ ಹೋಗುತ್ತದಂತೆ. ಮುಂದೆ ಕೊನೆಯವರೆಗೂ ಹಾಗೆಯೇ ಬಾರಿಸಿದರು. ಗದ್ದದ ಮೇಲೆ ಒಂದು ಗೆರೆ ಬಿದ್ದಿತ್ತು. ನಾನು 'ಉದ್ದಂದು' ಪೂರ್ತಿ ಬಾರಿಸಿದ ದಿನ, ಅವರು ನನ್ನ ಗಿಟಾರಿನಿಂದ ಅಂಗೈ ತೆಗೆಯದೆ ಕಣ್ಣು ಮುಚ್ಚಿ ಕೂತಿದ್ದರು. ಮುಗಿದ ಮೇಲೂ ಬಹಳ ಹೊತ್ತು ಅಂಗೈ ಅಲ್ಲೇ ಇತ್ತು.

ಈ ವರ್ಷ ಅವರ ಹೃದಯ ಕೈಕೊಟ್ಟಿತು. ದಾವಣಗೆರೆಯ ಆಸ್ಪತ್ರೆಯಿಂದ ಮನೆಗೆ ತಂದ ಮೇಲೆ ನೋಡಲು ಹೋದೆ. ದಿಂಬಿಗೆ ಆನಿಸಿ ಕೂರಿಸಿದ್ದರು, ಸಣ್ಣಗೆ ಮಗುವಿನಂತೆ ಕಾಣುತ್ತಿದ್ದರು. ನನ್ನನ್ನು ಹತ್ತಿರ ಕರೆದು ಕೇಳಿದರು:

"ಅಲ್ಲಿ ಎಲ್ಲಾ ಪೂರ್ತಿ ಗಪ್ಪ ಇರತೈತೇನವಾ?"

"ಗೊತ್ತಿಲ್ರಿ ಕಾಕಾ."

"ನನಗೂ ಗೊತ್ತಿಲ್ಲ," ಅಂದರು. "ಅದಕ್ಕ ಭಾಳ ಅಂಜಿಕಿ ಬರಾಕತ್ತೈತಿ."

ನನಗೂ ಹೆದರಿಕೆಯಾಗಿತ್ತು. ಕಾಕು ಗಂಜಿ ತರುವವರೆಗೂ ಅವರ ಕೈ ಹಿಡಿದು ಕೂತಿದ್ದೆ. ಮುಂದಿನ ವಾರ ಕಾಕುನ ಫೋನು ಬಂತು.

ದಿನಕರ್ಮಗಳೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಕಾಕುನನ್ನು ಮಾತಾಡಿಸಿ ಮರಳುವಾಗ ಅಂಗಡಿಯ ಮುಂದೆ ಹಾಯ್ದೆ. ಅವತ್ತು ಮಾರ್ಕೆಟ್ಟಿನ ದಿನ. ಪ್ರಾಂಗಣದ ತುಂಬ ಕೆಂಪು ರಾಶಿಗಳು, ಚೀಲ ಹೊತ್ತ ಹಮಾಲರು, ಕಾಯಿ ಮುರಿದು ನೋಡುತ್ತಿದ್ದ ಖರೀದಿದಾರರು. ಅಣ್ಣ ಗಾದಿಯ ಮೇಲಿನಿಂದ ನನ್ನನ್ನು ಕಂಡು ಕೈಸನ್ನೆ ಮಾಡಿದರು. ಹೋಗಿ ಕಟ್ಟೆಯ ಬಳಿ ನಿಂತೆ. ಅವರು ಗಾದಿಯ ಅಂಚಿಗೆ ಸರಿದರು.

"ಅಂವಾ ಹುಬ್ಬಳ್ಳಿಂದ ಬಂದಾಗಿಂದ ಅಂವನ ಬೈಕೋಂತ ಬಂದೆ, ಟಿಂಗ್ ಟಿಂಗ್ ಬಂದ ಮಾಡು ಅಂತ. ಕೇಳಬೇಕು ಅನಸೂ ಹೊತ್ತಿಗೆ ಕಿವಿ ಇರಲಿಲ್ಲ. ನೀ ಕೇಳಿದಾಕಿ. ಖರೇ ಹೇಳವಾ, ನಮ್ಮ ತಮ್ಮಾ ಚಲೋ ಬಾರಸ್ತಿದ್ದನೇನು?"

"ಹೂಂರಿ, ಭಾಳ ಚಲೋ ಬಾರಸ್ತಿದ್ರು," ಅಂದೆ.

"ಏನು?"

ಇನ್ನೊಂದು ಸಲ, ತುಸು ಜೋರಾಗಿ ಹೇಳಿದೆ. ಅವರು ಕಿವಿಗೆ ಅಂಗೈ ಹಿಡಿದು ಬಾಗಿದರು. 

ಅಷ್ಟು ಗಂಡಸರ ನಡುವೆ ದನಿ ಎತ್ತಲು ನನಗೆ ಹೆದರಿಕೆಯಾಯಿತು. ಆದರೂ ಪ್ರಾಂಗಣದ ಆ ಕೊನೆಗೂ ಕೇಳುವಂತೆ ಕೂಗಿದೆ:

"ನಿಮ್ಮ ತಮ್ಮಾರು ಭಾಳ ಭಾಳ ಚಲೋ ಗಿಟಾರ್ ಬಾರಸ್ತಿದ್ರೂ!"

ಚೀಲ ಹೊತ್ತ ಹಮಾಲರು ನಿಂತು ತಿರುಗಿದರು. ರಾಶಿಗಳ ಮೇಲೆ ಬಾಗಿದ್ದವರು ತಲೆ ಎತ್ತಿದರು. ಅಣ್ಣನಿಗೆ ಕೇಳಿಸಿತು. ತಲೆಯಾಡಿಸಿದರು. ಹೆಗಲ ಮೇಲಿನ ಟವೆಲ್ಲು ತೆಗೆದು ಮುಖ ಮುಚ್ಚಿಕೊಂಡರು. ಆಮೇಲೆ ಟವೆಲ್ಲಿನ ಒಳಗಿನಿಂದಲೇ, ಅವರ ಆ ಹಳೆಯ ಗುಡುಗಿನ ದನಿಯಲ್ಲಿ, "ಇನ್ನೊಮ್ಮೆ ಹೇಳವಾ" ಅಂದರು.